ಅಟ್ಟದ ಮಟ್ಟ

ನಮ್ಮ ಮನೆ ಕಟ್ಟಿದ ಕತೆಯನ್ನು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಬಹಳ ಚೆನ್ನಾಗಿ ಹೇಳುತ್ತಾರೆ. ನನಗೆ ಅನುಮಾನ ಹುಟ್ಟುವುದೇ ಅಲ್ಲಿ.

ಅವರ ಕತೆ ಹೀಗೆ. ಚಾವಣಿ ಇನ್ನೂ ಬಂದಿರದ ಮಣ್ಣಿನ ಗೋಡೆಯ ಮೇಲೆ ಎರಡು ಗೆರೆಗಳಿದ್ದವು. ಮೇಲಿನದು ಇದ್ದಲಿನದು, ಸೊಸೆ ಎಳೆದದ್ದು. ಕೆಳಗಿನದು ಸುಣ್ಣದ್ದು, ಅತ್ತೆ ಎಳೆದದ್ದು. ತೆಂಗಿನಕಾಯಿ ಒಣಗಿಸುವ ಅಟ್ಟ ಎಷ್ಟು ಎತ್ತರದಲ್ಲಿರಬೇಕು ಎಂದು ಇಬ್ಬರಿಗೂ ಜಗಳ. ಒಂದು ದಿನ ಸೊಸೆ ಯಾರಿಗೂ ಹೇಳದೆ ಹೋಗಿ ತನ್ನ ಗೆರೆಯನ್ನು ಒರೆಸಿಹಾಕಿದಳು, ಅತ್ತೆಯದೇ ಆಗಲಿ ಎಂದು. ಅದೇ ದಿನ ಅತ್ತೆಯೂ ಯಾರಿಗೂ ಹೇಳದೆ ಹೋಗಿ ತಮ್ಮ ಗೆರೆಯನ್ನು ಒರೆಸಿಹಾಕಿದರು, ಸೊಸೆಯದೇ ಆಗಲಿ ಎಂದು. ಬೆಳಿಗ್ಗೆ ಮೇಸ್ತ್ರಿ ಬಂದು ನೋಡಿದರೆ ಬರಿಗೋಡೆ!

ಇಲ್ಲಿ ಅವರು ಕಾಫಿ ಲೋಟ ಕೆಳಗಿಡುತ್ತಾರೆ. ಕೇಳುವವರು ಅಯ್ಯೋ ಅನ್ನುತ್ತಾರೆ. ಗುಬ್ಬಿಯಲ್ಲಿ ಅವರ ಜೊತೆ ಪಾಠ ಮಾಡುವ ಮೇಷ್ಟರೊಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು. ಎರಡನೆಯ ಹೆಂಗಸು ಹೋದಾಗ ಗೋಡೆಯ ಮೇಲೆ ಒಂದೇ ಗೆರೆ ಉಳಿದದ್ದು ಅವಳಿಗೆ ಕಾಣಿಸಲಿಲ್ಲವೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.

ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿರುತ್ತೇನೆ. ನನಗೆ ನೆನಪಿರುವ ಮಟ್ಟಿಗೆ ನಾನು ಯಾವ ಗೆರೆಯನ್ನೂ ಒರೆಸಲಿಲ್ಲ. ಅತ್ತೆಯನ್ನು ಕೇಳಿದರೆ, "ಗೋಡೆ ಮ್ಯಾಲೆ ಗೆರೆ ಎಳ್ಯಕ್ಕೆ ನಂಗೇನು ಹುಚ್ಚಾ? ನಾನು ಗೆರೆನೇ ಎಳ್ದಿಲ್ಲ, ಹೋಗೇ" ಅನ್ನುತ್ತಾರೆ. ಅದೂ ನಿಜವಲ್ಲ. ಎಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಥವಾ ಎಳೆದ ಗೆರೆಯನ್ನು ನೋಡಿ, ಎಳೆಯುವುದನ್ನೇ ನೋಡಿದೆ ಅಂದುಕೊಂಡಿದ್ದೇನೆ.

ಹಾಗಾದರೆ ಆದದ್ದೇನು? ಬರೆದು ನೋಡುತ್ತೇನೆ. ಬರೆಯುವಾಗಲೂ ಕೈ ತಾನಾಗಿ ಮೂಲೆಗಳನ್ನು ನೇರ ಮಾಡಲು ಹೋಗುತ್ತದೆ. ಹಾಗೆ ಮಾಡಿದ ಕಡೆ ಗೊತ್ತಾದರೆ ಹೇಳುತ್ತೇನೆ.

ನಾನು ಚಿತ್ರ ಬರೆಯುವವಳು. ಹಾಗೆಂದರೆ ನಮ್ಮ ಕಡೆ "ಬೋರ್ಡ್ ಬರೀತೀರಾ?" ಎಂದು ಕೇಳುತ್ತಾರೆ. ಆಳೆತ್ತರವನ್ನು ಮೀರಿದ ಕ್ಯಾನ್ವಾಸ್ ಬಟ್ಟೆಗಳ ಮೇಲೆ ಬರೆಯುತ್ತೇನೆ, ಬರೆದದ್ದನ್ನು ಕೆರೆಯುತ್ತೇನೆ, ಅದರ ಮೇಲೆ ಮತ್ತೆ ಬರೆಯುತ್ತೇನೆ. ಈ ಮನೆಗೆ ಬರುವ ಮೊದಲು ನಾವು ನಾಲ್ವರು, ನಾನು, ಗಂಡ, ಮಗಳು ಮತ್ತು ಅತ್ತೆ, ತುಮಕೂರಿನಲ್ಲಿ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದೆವು. ನಡುಮನೆಯ ಒಂದು ಗೋಡೆ ನನ್ನದು, ಸಂಜೆಯವರೆಗೆ ಮಾತ್ರ. ಸಂಜೆ ಅಲ್ಲಿ ಮಗಳ ಮಂಚ ಬಿಚ್ಚಬೇಕು. ಆದ್ದರಿಂದ ಬಣ್ಣ ಹಸಿಯಿರಲಿ ಒಣಗಿರಲಿ, ಬಟ್ಟೆಯನ್ನು ಇಳಿಸಿ, ಸುತ್ತಿ, ಬೀರುವಿನ ಮೇಲೆ ಹಾಕಬೇಕು. ಬೆಳಿಗ್ಗೆ ಬಿಚ್ಚಿದರೆ ಒಂದು ಸುತ್ತಿನ ಬಣ್ಣ ಇನ್ನೊಂದು ಸುತ್ತಿಗೆ ಅಂಟಿರುತ್ತಿತ್ತು.

ನನಗೆ ಬೇಕಾಗಿದ್ದದ್ದು ಇಷ್ಟೇ. ಅರ್ಧಕ್ಕೆ ನಿಂತ ಚಿತ್ರವನ್ನು ಅದು ಇದ್ದ ಜಾಗದಲ್ಲೇ ಬಿಟ್ಟು ಮಲಗಬೇಕು. ಬೆಳಿಗ್ಗೆ ಕಾಫಿ ಹಿಡಿದು ಹೋಗಿ ಅದನ್ನು ದೂರದಿಂದ, ಇಡಿಯಾಗಿ, ನೋಡಬೇಕು. ಆ ಬಾಡಿಗೆ ಮನೆಯಲ್ಲಿ ದೂರ ಎನ್ನುವುದೇ ಇರಲಿಲ್ಲ. ಸ್ವಲ್ಪ ಹಿಂದೆ ಸರಿದರೆ ಫ್ರಿಜ್ಜು ಬೆನ್ನಿಗೆ ತಾಗುತ್ತಿತ್ತು.

ಅತ್ತೆಗೆ ಬೇಕಾಗಿದ್ದದ್ದು ಅಟ್ಟ. ಗುಬ್ಬಿಯಿಂದ ಹಾಗಲವಾಡಿ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ತೆಂಗಿನ ತೋಟವಿದೆ. ಮಾವ ತೀರಿಕೊಂಡ ಮೇಲೆ ಅದು ಅವರದೇ ಕಾರುಬಾರು. ವಾರಕ್ಕೊಮ್ಮೆ ತುಮಕೂರಿನಿಂದ ಬಸ್ಸಿನಲ್ಲಿ ಹೋಗಿ, ಕಾಯಿ ಕೆಡವಿಸಿ, ಹತ್ತಿರದ ಹಳ್ಳಿಯಲ್ಲಿದ್ದ ತಮ್ಮನ ಮನೆಯ ಅಟ್ಟಕ್ಕೆ ಹಾಕಿಸಿ ಬರುತ್ತಿದ್ದರು. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟದ ಮೇಲೆ ಹರಡಿ ಹೆಚ್ಚು ಕಡಿಮೆ ಒಂದು ವರ್ಷ ಹಾಗೇ ಬಿಡುತ್ತಾರೆ. ಬಿಸಿಲು ಬೀಳಬಾರದು, ನೀರು ತಾಗಬಾರದು, ಗಾಳಿ ಆಡುತ್ತಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಮೊದಮೊದಲು ನೀರಿನ ಸದ್ದು. ಆಮೇಲೆ ಬಹಳ ಕಾಲ ಯಾವ ಸದ್ದೂ ಇಲ್ಲ. ಕೊನೆಗೊಂದು ದಿನ ಲೊಟ ಲೊಟ ಎಂಬ ಗಟ್ಟಿ ಸದ್ದು. ಆಗ ಕೊಬ್ಬರಿ ಆಯಿತೆಂದು ಅರ್ಥ. ಅತ್ತೆಯ ವರ್ಷಗಳೆಲ್ಲ ಈ ಸದ್ದುಗಳ ನಡುವೆಯೇ ಕಳೆದಿವೆ.

ಒಂದು ಸಲ ತೋಟದಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಮಗನಿಗೆ ಹೇಳಿದರು. "ನಿಮ್ಮಾವ ಮನೆ ಕೆಡುವ್ತಾನಂತೆ. ಸಿಮೆಂಟಿನ ಮೋಲ್ಡ್ ಹಾಕುಸ್ತಾನಂತೆ. ಮೋಲ್ಡ್ ಮನೇಲಿ ಅಟ್ಟ ಎಲ್ಲಿಂದ ಬತ್ತದೆ?"

"ಹಸಿಕಾಯಿನೇ ಮಾರ್ಬುಡಮ್ಮ, ತಲೆನೋವೇ ಇರಲ್ಲ" ಅಂದರು ನನ್ನ ಗಂಡ.

"ಹಸಿಕಾಯಿ ಮಾರಕ್ಕೆ ನಾನ್ಯಾಕ್ಲಾ ಬೇಕು? ಲಾರಿ ಬತ್ತದೆ, ತುಂಬ್ಕಂಡು ಹೋಯ್ತದೆ. ನಾನು ಇಲ್ಲಿ ಟಿವಿ ಮುಂದೆ ಕುಂತ್ಕಂಡು ನಿನ್ ಮಗಳ ಕೈಲಿ ರಿಮೋಟು ಕಿತ್ಕಬೇಕು, ಅಷ್ಟೇಯ."

ತೋಟದಂಚಿನಲ್ಲಿ ಮನೆ ಕಟ್ಟೋಣ, ಅದರಲ್ಲಿ ಅಟ್ಟವೂ ಇರಲಿ, ಸ್ಟುಡಿಯೋವೂ ಇರಲಿ ಎಂದು ಮೊದಲು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಗಂಡ ತಾವೇ ಅನ್ನುತ್ತಾರೆ. ನನ್ನ ನೆನಪಿನಲ್ಲಿ ನಾನೇ. ಅತ್ತೆಯ ಪ್ರಕಾರ, "ನಿಮ್ಮಿಬ್ರಿಗೂ ಬುದ್ಧಿ ಬಂದಿದ್ದು ನಮ್ಮ ತಮ್ಮ ಮನೆ ಕೆಡುವಿದ್ ಮ್ಯಾಲೆ." ಮೂರನ್ನೂ ಇಲ್ಲಿ ಬಿಟ್ಟು ಮುಂದೆ ಹೋಗುತ್ತೇನೆ.

ನಕ್ಷೆ ಹಾಕಿದ್ದು ತುಮಕೂರಿನ ಒಬ್ಬ ಇಂಜಿನಿಯರ್ ಹುಡುಗಿ. ಮಣ್ಣಿನ ಇಟ್ಟಿಗೆಯ ಮನೆಗಳನ್ನೇ ಕಟ್ಟಿಸುವವಳು. ಮೊದಲ ದಿನವೇ, ಮಳೆನೀರಿಗೆ ದೊಡ್ಡ ತೊಟ್ಟಿಯೊಂದನ್ನು ನೆಲದೊಳಗೆ ತೋಡೋಣ, ತೋಡಿದ ಮಣ್ಣನ್ನೇ ಒತ್ತಿ ಇಟ್ಟಿಗೆ ಮಾಡೋಣ ಅಂದಳು. ಗುಂಡಿಯೇ ಗೋಡೆಯಾಗುವ ಈ ಲೆಕ್ಕ ನನಗೆ ತುಂಬ ಹಿಡಿಸಿತು. ಅತ್ತೆಗೆ ಹಿಡಿಸಲಿಲ್ಲ. "ಮಣ್ಣಿನ ಗೋಡೆ ನಮ್ಮಪ್ಪನ ಮನೇಲೂ ಇತ್ತು. ಇಲಿ ತೂತು ಮಾಡ್ಕಂಡು ಆ ಕಡೆಯಿಂದ ಈ ಕಡಿಕ್ಕೆ ಓಡಾಡ್ತಿದ್ವು."

ಇಲಿ ತೂತು ಮಾಡದ ಮಣ್ಣಿನ ಗೋಡೆಯನ್ನು ತೋರಿಸಲು ಅವಳು ನಮ್ಮೆಲ್ಲರನ್ನೂ ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಊರಿನ ಹೊರಗೆ ಅವಳು ಕಟ್ಟಿಸಿದ ಒಂದು ಮನೆ. ಒಳಗೆ ತಂಪಾಗಿತ್ತು. ಅತ್ತೆ ಗೋಡೆಯನ್ನು ಉಗುರಿನಲ್ಲಿ ಕೆರೆದರು. ಬೀಗದ ಕೈಯಲ್ಲಿ ಕೆರೆದರು. ಮನೆಯೊಡತಿ ನೋಡುತ್ತಿದ್ದರು.

"ಗಟ್ಟಿಗೈತೆ" ಅಂದರು ಅತ್ತೆ. "ಅಟ್ಟ ಎಲ್ಲಿ?"

"ಅಟ್ಟ ಇಲ್ಲ ಅಜ್ಜಿ, ಇವರು ಕೇಳಲಿಲ್ಲ."

"ಇಷ್ಟೆತ್ರ ಕಟ್ಟಿ ಅಟ್ಟ ಇಲ್ವಾ?" ಮನೆಯೊಡತಿಯ ಕಡೆ ತಿರುಗಿ, "ನಿಮ್ ಕಡೆ ಕಾಯಿ ಬಿಡಲ್ವೇನಮ್ಮ?"

ಇಷ್ಟು ದೂರ ಬಂದಮೇಲೆ ಯಡಿಯೂರಿಗೆ ಹೋಗದಿದ್ದರೆ ಹೇಗೆ ಎಂದು ಅಲ್ಲಿಗೂ ಹೋದೆವು. ಕೈಮುಗಿದು, ಪ್ರಸಾದದ ಊಟಕ್ಕೆ ಸಾಲಿನಲ್ಲಿ ಕುಳಿತಾಗ ಅತ್ತೆ ತಲೆಯೆತ್ತಿ ಚಾವಣಿಯನ್ನೇ ನೋಡುತ್ತಿದ್ದರು. ಏನೋ ದೊಡ್ಡ ಧ್ಯಾನದಲ್ಲಿದ್ದಾರೆ ಅಂದುಕೊಂಡೆ. ಅನ್ನ ಬಂದಾಗ ಮೆಲ್ಲಗೆ ಅಂದರು. "ಎಷ್ಟೊಂದು ಜಾಗ ಬುಟ್ಟವ್ರೆ ನೋಡೇ, ಸುಮ್ಕೆ."

ಮನೆ ಹೀಗೆಂದು ತೀರ್ಮಾನವಾಯಿತು. ಉದ್ದಕ್ಕೆ ಒಂದೇ ಹೆಂಚಿನ ಚಾವಣಿ. ದಕ್ಷಿಣದ ಅರ್ಧದಲ್ಲಿ ಅಡುಗೆಮನೆ ಮತ್ತು ಮಲಗುವ ಕೋಣೆಗಳು. ಉತ್ತರದ ಅರ್ಧ ಪೂರ್ತಿ ನನ್ನ ಸ್ಟುಡಿಯೋ, ನೆಲದಿಂದ ಹೆಂಚಿನವರೆಗೆ ಖಾಲಿ. ಉತ್ತರದ ಗೋಡೆಯಲ್ಲಿ ಎತ್ತರಕ್ಕೆ ಗಾಜಿನ ಕಿಟಕಿಗಳು, ಏಕೆಂದರೆ ಆ ಕಡೆಯಿಂದ ಬಿಸಿಲು ಬರುವುದಿಲ್ಲ, ದಿನವಿಡೀ ಒಂದೇ ತೆರನಾದ ಬೆಳಕು ಬರುತ್ತದೆ. ಕೋಣೆಗಳ ಮೇಲೆ, ಹೆಂಚಿನ ಕೆಳಗೆ, ಅತ್ತೆಯ ಅಟ್ಟ. ಅದರ ಮುಂಭಾಗ ಸ್ಟುಡಿಯೋದ ಕಡೆಗೆ ತೆರೆದಿರುತ್ತದೆ, ಗಾಳಿ ಆಡಲಿ ಎಂದು.

"ಅಜ್ಜಿ ಕಾಯಿಗಳೇ ನಿಮ್ಮ ರೂಮಿಗೆ ಎ.ಸಿ." ಅಂದಳು ಇಂಜಿನಿಯರ್ ಹುಡುಗಿ. ಹೆಂಚಿನ ಕಾವು ಕಾಯಿರಾಶಿಯನ್ನು ದಾಟಿ ಕೋಣೆಗೆ ಇಳಿಯುವುದಿಲ್ಲ, ಕಾಯಿಗೆ ಬೇಕಾದ ಕಾವೂ ಸಿಗುತ್ತದೆ.

ಗಂಡನ ಸೋದರಮಾವನ ಹಳೆಯ ಮನೆ ಕೆಡವಿದಾಗ ಅದರ ಅಟ್ಟದ ತೊಲೆಗಳನ್ನೂ ಹೆಂಚುಗಳನ್ನೂ ತಂದೆವು. ತೊಲೆಗಳು ಹೊಗೆ ಕುಡಿದು ಕಪ್ಪಾಗಿದ್ದವು. ಟ್ರ್ಯಾಕ್ಟರಿನಿಂದ ಇಳಿಸುವಾಗ ಅತ್ತೆ ಒಂದೊಂದನ್ನೂ ಮುಟ್ಟಿ ನೋಡಿದರು. "ಇದ್ರಡಿನೇ ನಾನು ಹುಟ್ಟಿದ್ದು" ಎಂದು ಅವರು ಹೇಳಿದಂತೆ ನೆನಪು. ಆದರೆ ಇಂಥ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಬಹುಶಃ ಹೇಳಿದ್ದು ಆ ಸೋದರಮಾವ. ಬಹುಶಃ ಯಾರೂ ಹೇಳಲಿಲ್ಲ, ನಾನೇ ಬೇಕೆಂದು ಸೇರಿಸಿದ್ದೇನೆ.

ಇನ್ನೊಂದು ಪ್ರಶ್ನೆಯಂತೂ ಆ ಹುಡುಗಿಯೇ ಕೇಳಿದ್ದು, ಅದರಲ್ಲಿ ಸಂಶಯವಿಲ್ಲ. "ಸ್ನಾನದ ನೀರು, ಪಾತ್ರೆ ತೊಳೆದ ನೀರು ಎಲ್ಲಾ ಬಾಳೆಗಿಡಕ್ಕೆ ಬಿಡ್ತೀವಿ ಮೇಡಂ. ನಿಮ್ಮ ಬ್ರಷ್ ತೊಳೆದ ನೀರು ಎಲ್ಲಿಗೆ ಬಿಡೋಣ?"

ಟರ್ಪೆಂಟೈನ್ ಕುಡಿದ ಬಾಳೆಯ ಹಣ್ಣನ್ನು ಮಗಳು ತಿನ್ನುವುದನ್ನು ಯೋಚಿಸಿದೆ. ಹೊಸದನ್ನು ಹಿಡಿಯುವ ಚಟ ನನಗೆ ಮೊದಲೇ ಇತ್ತು. ಈಗ ಅದಕ್ಕೊಂದು ಕಾರಣವೂ ಸಿಕ್ಕಿತು. ಊರ್ಡಿಗೆರೆ ಕಡೆಯ ಮೇಸ್ತ್ರಿ ತಂದುಕೊಟ್ಟ ಕೆಮ್ಮಣ್ಣು, ಗೋಡೆಗೆ ಮಿಕ್ಕಿದ ಸುಣ್ಣ, ಚಿಪ್ಪು ಸುಟ್ಟ ಮಸಿ, ಅಂಟಿಗೆ ಒಂದಿಷ್ಟು ಗೋಂದು, ಇವುಗಳಲ್ಲೇ ಬರೆಯಲು ಶುರು ಮಾಡಿದೆ. ಅತ್ತೆ ಬಂದು ನೋಡಿ, "ಮಣ್ಣಲ್ಲಿ ಬರೆದ್ರೆ ಚಿತ್ರಾನಾ? ಹಂಗಾದ್ರೆ ನಮ್ ಹಳೇ ಕೊಟ್ಟಿಗೆನೂ ಚಿತ್ರಾನೇ ಬುಡು" ಅಂದರು. ಮಗಳು ಒಂದು ವಾರ ನನ್ನನ್ನು ಕೊಟ್ಟಿಗೆ ಕಲಾವಿದೆ ಎಂದೇ ಕರೆದಳು.

ಈಗ ಗೆರೆಯ ವಿಷಯ.

ಕೋಣೆಗಳಿಗೂ ಸ್ಟುಡಿಯೋಗೂ ನಡುವೆ ಒಂದು ಗೋಡೆ. ಉತ್ತರದ ಬೆಳಕು ನೇರ ಬೀಳುವುದು ಅದರ ಮೇಲೆ. ನಾನು ಚಿತ್ರ ತೂಗುಹಾಕುವ ಗೋಡೆ ಅದೇ ಆಗಬೇಕಿತ್ತು. ಆದರೆ ಆ ಗೋಡೆ ಅಟ್ಟದ ಮಟ್ಟಕ್ಕೆ ನಿಲ್ಲುತ್ತದೆ. ಅಟ್ಟ ಎತ್ತರದಲ್ಲಿದ್ದರೆ ನನ್ನ ಗೋಡೆ ಎತ್ತರ, ಅಟ್ಟ ಇಳಿದರೆ ನನ್ನ ಗೋಡೆ ಗಿಡ್ಡ. ಮೇಸ್ತ್ರಿ ಪಕ್ಕದ ಗೋಡೆಯ ಮೇಲೆ ತೊಲೆ ಕೂರುವ ಜಾಗ ಗುರುತು ಮಾಡಿ ಎಂದಾಗ ನಾನು ಏಣಿ ಹತ್ತಿ, ನನ್ನ ದೊಡ್ಡ ಬಟ್ಟೆಗಳು ನೆಲಕ್ಕೆ ತಾಗದಂತೆ ಹಿಡಿಸುವಷ್ಟು ಎತ್ತರಕ್ಕೆ ಇದ್ದಲಿನಲ್ಲಿ ಗೆರೆ ಎಳೆದೆ. ಮುಂದಿನ ಸಲ ಹೋದಾಗ ಅದರ ಕೆಳಗೆ, ಬಹಳ ಕೆಳಗೆ, ಸುಣ್ಣದ ಗೆರೆಯೊಂದು ಇತ್ತು. ಅತ್ತೆಯ ಹೆಬ್ಬೆರಳಲ್ಲಿ ಸುಣ್ಣ ಇನ್ನೂ ಒಣಗಿರಲಿಲ್ಲ. ನಾನು ನೋಡಿದೆ ಅಂದದ್ದು ಅದನ್ನೇ. ಅವರು ಆ ಹೊತ್ತಿಗೆ ಎಲೆಅಡಿಕೆ ಹಾಕುತ್ತಿದ್ದರು ಎಂಬುದನ್ನೂ ಹೇಳಬೇಕು.

"ಅತ್ತೆ, ಇಷ್ಟು ಕೆಳಕ್ಕಾ? ರೂಮಿನಲ್ಲಿ ಫ್ಯಾನ್ ತಲೆಗೆ ಹೊಡೆಯುತ್ತೆ."

"ಫ್ಯಾನ್ ಯಾಕೆ, ಎ.ಸಿ. ಐತಲ್ಲ, ಆ ಹುಡ್ಗಿ ಹೇಳುದ್ಲು."

"ನನ್ನ ಬಟ್ಟೆ ಹಿಡಿಸಲ್ಲ ಅತ್ತೆ ಅಲ್ಲಿ."

"ಕತ್ತರ್ಸು. ಸೀರೆ ಉದ್ದ ಆದ್ರೆ ಕತ್ತರ್ಸಲ್ವಾ? ನಂಗೆ ಕಾಯಿ ಹಿಡಿಸ್ಬೇಕು ಕಣೇ. ಅಟ್ಟ ಕೆಳಗಿದ್ರೆ ರಾಶಿ ಜಾಸ್ತಿ ಹಾಕ್ಬೌದು."

ಮೇಸ್ತ್ರಿ ಬೀಡಿ ಆರಿಸಿ ಇಬ್ಬರ ಮುಖವನ್ನೂ ನೋಡಿದ. "ಅಮ್ಮಾವ್ರೇ, ಯಾವ್ದಾದ್ರೂ ಒಂದು ಗೆರೆ ಹೇಳಿ. ನಾನು ಎರಡು ಅಟ್ಟ ಹಾಕಕ್ಕಾಯ್ತದಾ?"

"ಹಾಕು, ಮೇಲಿಂದು ಅವ್ಳಿಗೆ. ಅಲ್ಲೇ ಕುಂತ್ಕಂಡು ಬರ್ಕಳ್ಳಿ" ಅಂದರು ಅತ್ತೆ. ಕೆಲಸದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಜಗಳ ಎನ್ನುವಂಥದ್ದು ನಡೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು ನಡೆಯಿತು. ಇಬ್ಬರೂ ಬಹಳ ಮರ್ಯಾದೆಯಿಂದ ಮಾತಾಡತೊಡಗಿದೆವು. "ಉಪ್ಪು ಬೇಕೇನಮ್ಮ?" "ಬೇಡಿ ಅತ್ತೆ." ಗಂಡ ತಟ್ಟೆಯ ಮೇಲೆ ಬಗ್ಗಿ ಊಟ ಮುಗಿಸಿ ಏಳುತ್ತಿದ್ದರು.

ಆ ವಾರ ಮಗಳಿಗೆ ಜ್ವರ ಬಂದು ನಾನು ತುಮಕೂರಿನಲ್ಲೇ ಉಳಿದೆ. ಅತ್ತೆ ತಮ್ಮನ ಹೊಸ ಮನೆಯಲ್ಲಿದ್ದುಕೊಂಡು ದಿನವೂ ಕೆಲಸದ ಜಾಗಕ್ಕೆ ಹೋಗುತ್ತಿದ್ದರು. ಮಳೆಯೂ ಬಂತು, ಕಾಲವಲ್ಲದ ಕಾಲದ ಮಳೆ. ಗೋಡೆಯ ತಲೆಗೆ ತೆಂಗಿನ ಗರಿ ಹೊದಿಸಿದ್ದರು, ಆದರೂ ಎರಚಲು ಹೊಡೆಯಿತು. ಜ್ವರ ಬಿಟ್ಟ ಮೇಲೆ ನಾನು ಹೋದಾಗ ತೊಲೆಗಳು ಕೂತಿದ್ದವು. ಕೆಳಗೆ, ಸುಣ್ಣದ ಗೆರೆ ಇದ್ದಲ್ಲಿ. ಅಥವಾ ಅದಕ್ಕೂ ತುಸು ಕೆಳಗೆ.

"ಗೆರೆ ಎರಡೂ ತೊಳ್ದೋಗಿದ್ವು ಅಮ್ಮಾವ್ರೇ" ಅಂದ ಮೇಸ್ತ್ರಿ. "ದೊಡ್ಡಮ್ನೋರು ಏಣಿ ಹಾಕ್ಸಿ ತಾವೇ ಹತ್ತುದ್ರು. ಒಂದು ಕಡೆ ನಿಂತ್ಕಂಡು, ಇಲ್ಲಿಗೇ ಸಾಕು ಕಣಯ್ಯಾ, ಇಲ್ಲಿಗೇ ಹಾಕು ಅಂದ್ರು."

ಗಂಡನ ಕತೆಯ ಬರಿಗೋಡೆ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಗೋಡೆ ಬರಿದಾಗಿದ್ದು ನಿಜ, ಬರಿದು ಮಾಡಿದ್ದು ಮಳೆ.

ನಾನು ಆ ದಿನ ಅತ್ತೆಯ ಹತ್ತಿರ ಹೋಗಿ, "ಇದು ಸ್ಟುಡಿಯೋ ಅಲ್ಲ ಅತ್ತೆ, ಕಾಯಿ ಉಗ್ರಾಣ. ನಾನು ಉಗ್ರಾಣದ ಬಾಗಿಲಲ್ಲಿ ಕೂತು ಬರೀಬೇಕು" ಅಂದೆ. ಅವರು ತೊಲೆಯನ್ನೇ ನೋಡುತ್ತಾ, "ಮನೆ ಅಂದ್ಮೇಲೆ ಕಾಯಿನೂ ಇರ್ತದೆ, ಚಿತ್ರಾನೂ ಇರ್ತದೆ" ಅಂದರು. ಮುಖ ತಿರುಗಿಸಿಕೊಂಡು ತೋಟದೊಳಗೆ ಹೋದರು. ಮರ್ಯಾದೆಯ ಮಾತು ಅಲ್ಲಿಗೆ ಮುಗಿಯಿತು, ಅದೊಂದು ಲಾಭ.

ನಾವು ಮನೆಗೆ ಬಂದೆವು. ಕಾಯಿಗಳೂ ಬಂದವು. ಗೋಡೆಗೆ ಬಟ್ಟೆ ತೂಗುಹಾಕಿದರೆ ಕೆಳಗಿನ ಕಾಲುಭಾಗ ನೆಲದ ಮೇಲೆ ಮುದುಡಿ ಬೀಳುತ್ತಿತ್ತು. ಅಡ್ಡಡ್ಡ ಹಾಕಿ ನೋಡಿದೆ, ಸಣ್ಣ ಬಟ್ಟೆ ತಂದು ನೋಡಿದೆ, ಎರಡು ತುಂಡು ಮಾಡಿ ಪಕ್ಕ ಪಕ್ಕ ಹಾಕಿ ನೋಡಿದೆ. ಯಾವುದೂ ನನ್ನ ಕೈಯದ್ದಾಗಿ ಕಾಣಲಿಲ್ಲ. ಕೊನೆಗೆ ಸಿಟ್ಟಿನಲ್ಲಿ ದೊಡ್ಡ ಬಟ್ಟೆಯನ್ನು ನೆಲಕ್ಕೇ ಹಾಸಿ, ಮಂಡಿಯೂರಿ, ಕೆಮ್ಮಣ್ಣು ಕದಡಿ ಅದರ ಮೇಲೆ ಸುರಿದೆ. ಮಣ್ಣು ಹರಿಯದೆ ನಿಂತಲ್ಲೇ ನಿಂತಿತು. ಗೋಡೆಯ ಮೇಲೆ ಅದು ಎಂದೂ ಹಾಗೆ ನಿಂತಿರಲಿಲ್ಲ. ಆದರೆ ನೆಲದ ಮೇಲಿನ ಚಿತ್ರವನ್ನು ಇಡಿಯಾಗಿ ನೋಡಲು ಆಗುವುದಿಲ್ಲ. ಹತ್ತಿರದ ಅಂಚು ದೊಡ್ಡದಾಗಿ, ಆಚೆಯ ಅಂಚು ಚಪ್ಪಟೆಯಾಗಿ, ಎಲ್ಲಿ ನಿಂತರೂ ಒಂದು ಮೂಲೆ ಸುಳ್ಳು ಹೇಳುತ್ತದೆ.

ಅಟ್ಟಕ್ಕೆ ಹತ್ತುವ ಏಣಿ ಸ್ಟುಡಿಯೋದೊಳಗೇ ಇತ್ತು. ನಕ್ಷೆಯಲ್ಲಿ ಅದನ್ನು ಯಾರೂ ಯೋಚಿಸಿರಲಿಲ್ಲ. ಇಂಜಿನಿಯರ್ ಹುಡುಗಿ ಯೋಚಿಸಲಿಲ್ಲ, ನಾನಂತೂ ಬೆಳಕನ್ನು ಬಿಟ್ಟು ಬೇರೇನನ್ನೂ ಯೋಚಿಸಲಿಲ್ಲ. ಹಾಗಾಗಿ ಅತ್ತೆ ದಿನವೂ ನನ್ನ ಕೆಲಸದ ನಡುವೆ ಬರುವರು. ಬಟ್ಟೆಯ ಅಂಚನ್ನು ಬಳಸಿ, ಸೀರೆ ಎತ್ತಿ ಕಟ್ಟಿ, ಏಣಿ ಹಿಡಿಯುವರು. ಮೊದಲ ದಿನಗಳಲ್ಲಿ ನಾನು ಬೆನ್ನು ತಿರುಗಿಸಿಕೊಂಡು ಕೂರುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದೆ.

ಒಂದು ಮೆಟ್ಟಿಲಿಗೆ ಬಲಗಾಲು. ಎಡಗಾಲನ್ನು ಎಳೆದುಕೊಂಡು ಅದೇ ಮೆಟ್ಟಿಲಿಗೆ. ನಿಲ್ಲುವುದು. ಮತ್ತೆ ಬಲಗಾಲು. ಎಡ ಮಂಡಿ ಬಾಗುತ್ತಿರಲಿಲ್ಲ. ಅಟ್ಟದಂಚಿಗೆ ಕೈ ಸಿಕ್ಕಿದ ಕೂಡಲೇ ತೊಲೆಯನ್ನು ಅಪ್ಪಿ ಹಿಡಿದು, ಹೊಟ್ಟೆಯ ಮೇಲೆ ಜಾರಿ ಒಳಗೆ ಸೇರಿಕೊಂಡರು. ಅಟ್ಟ ಇನ್ನೊಂದು ಮೆಟ್ಟಿಲು ಮೇಲಿದ್ದಿದ್ದರೆ ಅವರಿಗೆ ಆಗುತ್ತಿರಲಿಲ್ಲ.

ಇಲ್ಲಿಗೇ ಸಾಕು ಎಂದು ಮೇಸ್ತ್ರಿಗೆ ಹೇಳಿದ ಮಟ್ಟ ಅದು. ರಾಶಿ ಜಾಸ್ತಿ ಹಾಕುವ ಮಾತೆಲ್ಲ ಬರೀ ನೆಪ. ಹೆಂಚಿನ ಕೆಳಗೆ ಅವರ ರಾಶಿಯ ಮೇಲೂ ಬೇಕಾದಷ್ಟು ಜಾಗ ಖಾಲಿ ಉಳಿದಿತ್ತು. ಮಂಡಿ ಆಗುತ್ತಿಲ್ಲ ಅಂದಿದ್ದರೆ ಗಂಡ, "ಹಸಿಕಾಯಿ ಮಾರ್ಬುಡಮ್ಮ" ಅನ್ನುತ್ತಿದ್ದರು. ಎರಡನೆಯ ಸಲ ಆ ಮಾತನ್ನು ತಳ್ಳಿಹಾಕಲು ಅತ್ತೆಯ ಹತ್ತಿರ ಏನೂ ಇರುತ್ತಿರಲಿಲ್ಲ.

ನಾನು ಗಂಡನಿಗೆ ಹೇಳಲಿಲ್ಲ. ಈಗ ಇಲ್ಲಿ ಹೇಳಿದ್ದೇನೆ. ಓದಿದರೆ ಓದಲಿ.

ಅವತ್ತೇ ನಡೆದದ್ದೋ ಇನ್ನೊಂದು ದಿನವೋ, ಎರಡನ್ನೂ ಒಂದೇ ಬೆಳಿಗ್ಗೆಗೆ ಸೇರಿಸಿದರೆ ಕತೆ ಚೆನ್ನಾಗಿ ಕೂರುತ್ತದೆ, ಆದ್ದರಿಂದ ಬೇರೆ ದಿನವೆಂದೇ ಇಟ್ಟುಕೊಳ್ಳೋಣ. ನಾನು ನೆಲದ ಮೇಲಿನ ಚಿತ್ರದ ಜೊತೆ ಒದ್ದಾಡುತ್ತಿದ್ದೆ. ಮೇಲಿನಿಂದ ದನಿ ಬಂತು.

"ಎಮ್ಮೆ ಬರ್ದಿದೀಯೇನೇ?"

ತಲೆಯೆತ್ತಿದೆ. ಅತ್ತೆ ಅಟ್ಟದಂಚಿನಲ್ಲಿ, ಕಾಯಿಗಳ ನಡುವೆ ಕಾಲು ಚಾಚಿ ಕುಳಿತಿದ್ದರು.

"ಎಮ್ಮೆ ಅಲ್ಲ ಅತ್ತೆ. ಏನೂ ಅಲ್ಲ ಅದು."

"ಏನೂ ಅಲ್ದೆ ಇದ್ರೆ ಹಂಗ್ಯಾಕೆ ಮಲಗೈತೆ? ಎಮ್ಮೆ ಕೆಸ್ರಲ್ಲಿ ಮಲಗ್ದಂಗೈತೆ. ಕೋಡು ಒಂದೇ ಕಡೀಕೆ ಹೋಗೈತೆ."

"ಅದು ಕೋಡಲ್ಲ!"

"ಬಂದು ನೋಡು ಬೇಕಾದ್ರೆ."

ಎಮ್ಮೆಯಲ್ಲ ಎಂದು ಸಾಧಿಸಲಿಕ್ಕೇ ಹತ್ತಿದೆ. ಕಾಯಿಗಳನ್ನು ಸರಿಸಿ ಅವರ ಪಕ್ಕ ಕುಳಿತು ಕೆಳಗೆ ನೋಡಿದೆ.

ಎಮ್ಮೆಯೇನೂ ಕಾಣಲಿಲ್ಲ. ಆದರೆ ಬಟ್ಟೆಯ ನಾಲ್ಕೂ ಮೂಲೆಗಳು ಒಟ್ಟಿಗೆ ಕಂಡವು. ಉತ್ತರದ ಬೆಳಕು ಅದರ ಮೇಲೆ ಸಮನಾಗಿ ಬಿದ್ದಿತ್ತು. ಬಲಗಡೆಯ ಮಸಿಯ ಭಾಗ ಎಲ್ಲವನ್ನೂ ತನ್ನ ಕಡೆ ಎಳೆಯುತ್ತಿತ್ತು, ಕೋಡು ಒಂದೇ ಕಡೆ ಹೋಗಿದೆ ಎಂಬುದು ಹೆಚ್ಚು ಕಡಿಮೆ ಸರಿಯೇ. ಎಷ್ಟೋ ವರ್ಷಗಳಿಂದ ಬರೆಯುತ್ತಿದ್ದೇನೆ, ಬರೆಯುತ್ತಿರುವ ದೊಡ್ಡ ಚಿತ್ರವನ್ನು ಹಸಿಯಿರುವಾಗಲೇ ಅಷ್ಟು ದೂರದಿಂದ ನಾನು ನೋಡಿರಲಿಲ್ಲ.

"ಏನು, ಎಮ್ಮೆ ತಾನೆ?"

"ಅಲ್ಲ. ಆದರೆ ಆ ಕಡೆ ಭಾರ ಆಗಿದೆ."

"ಮತ್ತೆ ನಾನು ಹೇಳಿದ್ದೇನು?"

ಅಲ್ಲಿಂದಾಚೆಗೆ ದಿನವೂ ಹತ್ತತೊಡಗಿದೆ. ಇನ್ನೊಂದು ಚಿತ್ರವನ್ನು ನೋಡಿ ಅತ್ತೆ "ಇದು ಚೆನ್ನಾಗೈತೆ" ಅಂದರು, ನಾನು ಅದನ್ನು ಮೇಲಿನಿಂದ ಒಂದು ಸಲ ನೋಡಿ ತೊಳೆದುಹಾಕಿದೆ. ಅವರ ಮಾತಿನಂತೆ ಬರೆದೆನೆಂದು ಯಾರೂ ತಿಳಿಯಬಾರದು. ನೆಟ್ಟಗಿನ ಬಿದಿರೇಣಿ ತೆಗೆಸಿ, ಅಗಲ ಮೆಟ್ಟಿಲಿನ, ಹಿಡಿಕೆಯಿರುವ, ಇಳಿಜಾರಾದ ಮರದ ಏಣಿಯನ್ನು ಬಡಗಿಯ ಕೈಲಿ ಮಾಡಿಸಿದೆ. ಅದು ನನ್ನ ನೆಲದಲ್ಲಿ ಒಳ್ಳೆಯ ಒಂದು ಪಾಲನ್ನು ನುಂಗಿತು. "ನಿಂಗೆ ಹತ್ತಕ್ಕೆ ಮಾಡಿಸ್ಕಂಡೆ, ಗೊತ್ತು ಬುಡು" ಅಂದರು ಅತ್ತೆ. ನಾನು ಹೌದು ಅಂದೆ. ಅದು ಅರ್ಧ ನಿಜ. ಅವರು ಈಗಲೂ ಬಲಗಾಲು, ಎಡಗಾಲು, ನಿಲ್ಲುವುದು, ಹೀಗೇ ಹತ್ತುತ್ತಾರೆ. ಹೊಟ್ಟೆಯ ಮೇಲೆ ಜಾರುವುದಿಲ್ಲ.

ಹೊಸ ಕಾಯಿ ಹರಡಿದಾಗ ಅಟ್ಟದಂಚಿನಲ್ಲಿ ಒಂದು ಚಾಪೆಯಗಲ ಜಾಗ ಖಾಲಿ ಇತ್ತು. ಕಾಯಿ ಜರುಗದಂತೆ ಅಡ್ಡಕ್ಕೆ ಒಂದು ಬಿದಿರ ದಬ್ಬೆಯನ್ನೂ ಕಟ್ಟಿದ್ದರು. ನನಗೆಂದು ಬಿಟ್ಟಿದ್ದೀರಾ ಎಂದು ಕೇಳಿದೆ.

"ಗಾಳಿ ಆಡ್ಲಿ ಅಂತ ಬುಟ್ಟಿದೀನಿ. ನಿಂಗ್ಯಾಕೆ ಬಿಡಾನ?"

ಗಾಳಿಗೆ ಅಷ್ಟು ಜಾಗ ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಸೋದರಮಾವನ ಅಟ್ಟದಲ್ಲಿ ಹಾಗೆ ಜಾಗ ಬಿಡುತ್ತಿದ್ದರೇ ಎಂದು ವಿಚಾರಿಸಬಹುದಿತ್ತು. ವಿಚಾರಿಸಿಲ್ಲ. ಗಂಡ ಇದನ್ನು ಕೇಳಿದರೆ ಮುಂದಿನ ಸಲ ಕತೆಗೆ ಸೇರಿಸುತ್ತಾರೆ.

ಎತ್ತರದ ಗೋಡೆಯ ಆಸೆ ಹೋಗಿಲ್ಲ. ಈಗಲೂ ಎಲ್ಲಿಯಾದರೂ ದೊಡ್ಡ ಬಿಳಿ ಗೋಡೆ ಕಂಡರೆ ಕೈ ತುರಿಸುತ್ತದೆ. ನೆಲದ ಮೇಲೆ ಬರೆದು ನನ್ನ ಮಂಡಿಯೂ ಹಿಡಿಯತೊಡಗಿದೆ. ಮಗಳು ನಮ್ಮಿಬ್ಬರನ್ನೂ ನೋಡಿ, "ಅಜ್ಜೀಗೊಂದು ಅಮ್ಮಂಗೊಂದು ಲಿಫ್ಟ್ ಹಾಕ್ಸಪ್ಪಾ" ಎಂದು ಅವಳ ಅಪ್ಪನಿಗೆ ಹೇಳುತ್ತಾಳೆ.

ಆದರೆ ನಿನ್ನೆ ಸಂಜೆ ಅರ್ಧಕ್ಕೆ ನಿಲ್ಲಿಸಿದ ಚಿತ್ರವೊಂದನ್ನು ಅದು ಇದ್ದಲ್ಲೇ ಬಿಟ್ಟು ಬಂದಿದ್ದೆ. ಯಾರೂ ಅದನ್ನು ಸುತ್ತಲಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಏಣಿ ಹತ್ತಿದೆ. ಚಾಪೆಯಗಲದ ಜಾಗದಲ್ಲಿ ಕುಳಿತು, ಬೆಳಕು ಬರುವವರೆಗೂ ಕಾದೆ. ಕಾಯುತ್ತಾ ಪಕ್ಕದ ಕಾಯೊಂದನ್ನು, ಉಳಿದವು ಗಡಗಡ ಉರುಳುವಂತೆ, ಎತ್ತಿ ಕಿವಿಯ ಹತ್ತಿರ ಕುಲುಕಿದೆ. ನೀರಿನ ಸದ್ದೂ ಇಲ್ಲ, ಕೊಬ್ಬರಿಯ ಸದ್ದೂ ಇಲ್ಲ.

"ಅಲ್ಲಾಡುಸ್ಬ್ಯಾಡ ಕಣೇ ಅದ್ನ!" ಕೆಳಗೆ ಅಡುಗೆಮನೆಯಿಂದ ಅತ್ತೆ ಕೂಗಿದರು. "ದಿನಾ ಅಲ್ಲಾಡ್ಸಿದ್ರೆ ಆಯ್ತದಾ? ಸುಮ್ಕೆ ಬುಡು."

ಕಾಯನ್ನು ಅದರ ಜಾಗದಲ್ಲಿಟ್ಟೆ. ಕೆಳಗೆ ಬಟ್ಟೆಯ ಒಂದು ಮೂಲೆ ಕಾಣತೊಡಗಿತ್ತು. ಆ ಮೂಲೆಯನ್ನು ಅಳಿಸಬೇಕು ಎನ್ನಿಸಿತು. ಇಳಿಯಲಿಲ್ಲ. ಉಳಿದ ಮೂರು ಮೂಲೆಗಳೂ ಬರಲಿ ಎಂದು ಕುಳಿತೆ.